ಬಿಸಿಲು, ಬೆವರುಸಾಲೆ, ಬಾಡಿಗೆ ಸೈಕಲ್ಲು

ಹೋದ ವರ್ಷ ಏಪ್ರಿಲ್ ಎರಡನೇ ವಾರದಲ್ಲಿ ತಮ್ಮನ ಮಗಳು ಬೆಂಗಳೂರಿನಿಂದ ಸಂತೆಕಲ್ಲೂರಿಗೆ ಬಂದಳು. ಎಂಟು ವರ್ಷದ ಹುಡುಗಿ. ಅವಳ ಬಟ್ಟೆಯ ಚೀಲಕ್ಕಿಂತ ಔಷಧದ ಚೀಲವೇ ದೊಡ್ಡದಿತ್ತು. ಬಿಸಿಲಿಗೆ ಹೋಗುವ ಮುಂಚೆ ಹಚ್ಚುವ ಕ್ರೀಮು ಒಂದು, ರಾತ್ರಿ ಹಚ್ಚುವ ಮುಲಾಮು ಒಂದು, ಮೈ ತೊಳೆಯಲು ಬೇರೆಯೇ ಸೋಪು. ಜೊತೆಗೆ ಅವಳ ತಾಯಿ ಬರೆದ ಚೀಟಿ. ಬೆವರು ಬಂದರೆ ಇವಳಿಗೆ ತುರಿಕೆ ಏಳುತ್ತದೆ, ಹತ್ತು ಗಂಟೆಯ ಮೇಲೆ ಹೊರಗೆ ಬಿಡಬೇಡಿ ಅಕ್ಕಾ ಎಂದು ಅದರಲ್ಲಿತ್ತು. ಹುಡುಗಿಗೆ ಮಾತ್ರ ಚೀಟಿಯ ಚಿಂತೆ ಇರಲಿಲ್ಲ. ಚಪ್ಪಲಿ ಬಿಡುವ ಮುಂಚೆಯೇ ಕೇಳಿದಳು: “ಅತ್ತೆ, ಈ ರಜೆಯಲ್ಲಿ ನನಗೆ ಸೈಕಲ್ ಕಲಿಸ್ತೀಯಾ?”

ನಮ್ಮವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದವಳು ಔಷಧದ ಚೀಲ ನೋಡಿ ನಕ್ಕಳು. “ನಮ್ಮ ಕಾಲದಾಗ ಬಿಸಿಲಿಗೆ ಔಷಧ ಎಲ್ಲಿತ್ತವ್ವಾ. ಹುಡುಗೀರ್ನ ಒಳಗ ಕುಂದ್ರಸೋದೇ ಔಷಧ.”

ತಮಾಷೆಗೆ ಅಂದ ಮಾತು. ಆದರೆ ಅದು ನನ್ನ ತಲೆಯಿಂದ ಹೋಗಲಿಲ್ಲ. ಬಿಸಿಲಿನಲ್ಲಿ ಯಾರು ಆಡಬಹುದು, ಯಾರು ಆಡಬಾರದು ಎಂಬುದನ್ನು ನಮ್ಮ ಸೀಮೆಯಲ್ಲಿ ಯಾವತ್ತೂ ಬಿಸಿಲೊಂದೇ ತೀರ್ಮಾನಿಸಿಲ್ಲ. ಅದಕ್ಕೊಂದು ಚರಿತ್ರೆ ಇದೆ. ಆ ಚರಿತ್ರೆಯಲ್ಲಿ ಚರ್ಮವೂ ಇದೆ, ಸೈಕಲ್ಲೂ ಇದೆ.

ಹೆಸರಿನಲ್ಲಿ ಸಂತೆಯನ್ನೂ ಕಲ್ಲನ್ನೂ ಇಟ್ಟುಕೊಂಡ ಊರು ನಮ್ಮದು. ಹತ್ತೊಂಬತ್ತನೇ ಶತಮಾನದಲ್ಲಿ ಒಕ್ಕಲುತನದ ಬಗ್ಗೆ ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದ ಘನಮಠ ಶಿವಯೋಗಿಗಳ ಊರು ಎಂದು ಓದಿದವರು ಗುರುತಿಸುತ್ತಾರೆ. ಮೊದಲು ಲಿಂಗಸುಗೂರು ತಾಲೂಕಿನಲ್ಲಿತ್ತು, ಮಸ್ಕಿ ಹೊಸ ತಾಲೂಕಾದ ಮೇಲೆ ಅದಕ್ಕೆ ಸೇರಿತು. ತಾಲೂಕು ಬದಲಾದರೂ ಬಿಸಿಲು ಬದಲಾಗಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಈ ಎರಡು ತಿಂಗಳು ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಸರಕಾರವೇ ಒಪ್ಪಿಕೊಂಡ ಬಿಸಿಲು ಇದು.

ಈ ಬಿಸಿಲಿಗೆ ಊರಿನ ಮಕ್ಕಳು ತಮ್ಮದೇ ವೇಳಾಪಟ್ಟಿ ಮಾಡಿಕೊಂಡಿದ್ದರು. ನಸುಕಿನಲ್ಲಿ ಓಡುವ ಆಟ: ಚಿನ್ನಿದಾಂಡು, ಹಳೆಯ ಸೈಕಲ್ ಟೈರಿಗೆ ಕೋಲು ಕೊಟ್ಟು ಊರ ಅಗಸೆಯ ತನಕ ಓಡಿಸುವ ಗಾಲಿ. ಹೊತ್ತು ಏರಿದಂತೆ ಕೂತು ಆಡುವ ಆಟ: ಬೇವಿನ ಮರದ ಕೆಳಗೆ ಗೋಲಿ, ಗುಡಿಯ ಕಟ್ಟೆಯ ಮೇಲೆ ಗೆರೆ ಕೊರೆದು ಹುಲಿಕಟ್ಟು. ನಡುಮಧ್ಯಾಹ್ನ ಈಜು ಬಂದವರಿಗೆ ಬಾವಿ. ಸಂಜೆ ನೆಲ ತಣ್ಣಗಾದ ಮೇಲೆ ಮತ್ತೆ ಓಟ. ಮನೆಯಲ್ಲಿ ಅಂಬಲಿ, ಮಜ್ಜಿಗೆ, ಸಿಕ್ಕರೆ ತಾಟಿನುಂಗು. ಮೈಮೇಲೆ ಬೆವರುಸಾಲೆ ಎದ್ದರೆ ಬೇವಿನ ಸೊಪ್ಪು ಹಾಕಿದ ನೀರಿನ ಸ್ನಾನ. ಯಾರೂ ಹೇಳಿಕೊಟ್ಟ ಪಾಠವಲ್ಲ ಇದು, ಮೈ ತಾನೇ ಕಲಿತದ್ದು.

ಆದರೆ ಈ ವೇಳಾಪಟ್ಟಿ ಗಂಡು ಹುಡುಗರದು. ಹುಡುಗಿಯರಿಗೆ ಬೇರೆ ಇತ್ತು. ನಸುಕಿನಲ್ಲಿ ನೀರು ತರುವುದು, ಹೊತ್ತೇರಿದ ಮೇಲೆ ತಂಗಿ ತಮ್ಮಂದಿರನ್ನು ನೋಡಿಕೊಳ್ಳುವುದು, ಮಧ್ಯಾಹ್ನ ಒಳಗೆ. ಹೊಲದ ಕೆಲಸವಿದ್ದರೆ ಮಾತ್ರ ಈ ನಿಯಮ ಸಡಿಲ. ಹತ್ತಿ ಬಿಡಿಸಲು, ಕಸ ತೆಗೆಯಲು ಹೋಗುವ ಹುಡುಗಿಗೆ ಬಿಸಿಲು ತಾಕುತ್ತದೆ ಎಂದು ಯಾರೂ ತಡೆದದ್ದನ್ನು ನಾನು ಕಾಣೆ. ಅದೇ ಹುಡುಗಿ ಆಡಲು ಹೊರಟರೆ ಮಾತ್ರ ಬಿಸಿಲು ನೆನಪಾಗುತ್ತಿತ್ತು. ದುಡಿಯುವ ಬಿಸಿಲು ಬೇರೆ, ಆಡುವ ಬಿಸಿಲು ಬೇರೆ!

ಬಿಸಿಲಿನಿಂದ ಜನರನ್ನು ಕಾಯುವುದು ದೊರೆಯ ಕೆಲಸ ಎಂಬ ವಿಚಾರ ಮಾತ್ರ ಬಹಳ ಹಳೆಯದು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ನಮ್ಮ ಪಕ್ಕದ ಮಸ್ಕಿಯ ಗುಡ್ಡದಲ್ಲಿ ಕಲ್ಲಿನ ಮೇಲಿನ ಬರಹವೊಂದನ್ನು ಕಂಡ. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ಖಚಿತವಾದದ್ದು ಆ ಶಾಸನದಿಂದ. ಅದರಲ್ಲಿ ಅಶೋಕನ ಹೆಸರೇ ಇದೆ. ಅದೇ ಅಶೋಕ ಉತ್ತರ ಭಾರತದ ತನ್ನ ಸ್ತಂಭ ಶಾಸನವೊಂದರಲ್ಲಿ, ಮನುಷ್ಯರಿಗೂ ಪ್ರಾಣಿಗಳಿಗೂ ನೆರಳಾಗಲೆಂದು ದಾರಿಯುದ್ದಕ್ಕೂ ಆಲದ ಮರ ನೆಡಿಸಿದ್ದನ್ನು, ಬಾವಿ ತೋಡಿಸಿದ್ದನ್ನು ಹೇಳಿಕೊಂಡಿದ್ದಾನೆ. ಬಿಸಿಲಿಗೆ ಅವನ ಉತ್ತರ ಜನರನ್ನು ಒಳಗಿಡುವುದಲ್ಲ. ದಾರಿಗೆ ನೆರಳು ಕೊಡುವುದು.

ಇಂಗ್ಲಿಷರ ಉತ್ತರ ಬೇರೆ ಇತ್ತು. ಲಿಂಗಸುಗೂರು ಒಂದು ಕಾಲಕ್ಕೆ ದಂಡಿನ ಠಾಣೆ. ಹೈದರಾಬಾದ್ ಕಂಟಿಂಜೆಂಟಿನ ಪಡೆ ಅಲ್ಲಿರುತ್ತಿತ್ತು. 1905ರಲ್ಲಿ ರದ್ದಾಗುವ ತನಕ ಲಿಂಗಸುಗೂರು ಒಂದು ಜಿಲ್ಲೆಯೂ ಆಗಿತ್ತು. ಹಿಂದೂಸ್ಥಾನದ ಸೂರ್ಯನ ಕಿರಣ ನೇರವಾಗಿ ಮಿದುಳನ್ನೂ ಬೆನ್ನುಹುರಿಯನ್ನೂ ಕೆಡಿಸುತ್ತದೆಂದು ಆ ಕಾಲದ ಬಿಳಿಯರು ನಂಬಿದ್ದರು. ಶೋಲಾ ಎಂಬ ಜೌಗಿನ ಗಿಡದ ಬೆಂಡಿನಿಂದ ಮಾಡಿದ ಟೊಪ್ಪಿ ಹಾಕದೆ ಮಕ್ಕಳನ್ನು ಅಂಗಳಕ್ಕೂ ಬಿಡುತ್ತಿರಲಿಲ್ಲ. ಕೆಲವರು ಬೆನ್ನಿಗೆ ಉಣ್ಣೆಯ ಪಟ್ಟಿ ಬೇರೆ ಹೊಲಿಸಿಕೊಳ್ಳುತ್ತಿದ್ದರು. ಅನುಕೂಲವಿದ್ದವರು ಆರೇಳು ವರ್ಷದ ಮಕ್ಕಳನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳಿಸಿಬಿಡುತ್ತಿದ್ದರು. ಸರಕಾರವೇ 1864ರಿಂದ ಬೇಸಿಗೆಯಲ್ಲಿ ಕಲ್ಕತ್ತೆ ಬಿಟ್ಟು ಶಿಮ್ಲಾ ಬೆಟ್ಟಕ್ಕೆ ಏರುತ್ತಿತ್ತು. ನಮ್ಮ ಸೀಮೆಯ ಜನಕ್ಕೆ ಏರಿಹೋಗಲು ಅಂಥ ಬೆಟ್ಟ ಇರಲಿಲ್ಲ. ಇದ್ದದ್ದು ಗುಳೆ. ಬೇಸಿಗೆಯಲ್ಲಿ ಊರು ಬಿಡುವ ನಮ್ಮವರು ತಂಪಿಗಾಗಿ ಬಿಡಲಿಲ್ಲ, ಕೂಲಿಗಾಗಿ ಬಿಟ್ಟರು. ಈಗಲೂ ಬಿಡುತ್ತಾರೆ, ಎಷ್ಟೋ ಸಲ ಮಕ್ಕಳನ್ನು ಕಟ್ಟಿಕೊಂಡೇ.

ಸೂರ್ಯನ ಕಿರಣ ಮಿದುಳಿಗೆ ಹೊಗುತ್ತದೆಂಬ ಭಯ ಆಮೇಲೆ ಸುಳ್ಳಾಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಆ ಟೊಪ್ಪಿಯೂ ಮೂಲೆ ಸೇರಿತು. ಆದರೆ ಬಿಸಿಲಿನ ನಿಜವಾದ ಅಪಾಯ ಹಾಗೇ ಉಳಿದಿದೆ. ಮೈತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು. ಸುತ್ತಲ ಗಾಳಿ ಮೈಗಿಂತ ಬಿಸಿಯಾದಾಗ ಆ ಕಾವು ಮಕ್ಕಳ ಮೈಗೆ ಬೇಗ ಇಳಿಯುತ್ತದೆ. ಆಟದ ಭರದಲ್ಲಿ ನೀರಡಿಕೆಯೂ ಅವರಿಗೆ ತಿಳಿಯುವುದಿಲ್ಲ. ಬೆವರುಸಾಲೆ ಎಂದರೆ ಬೆವರಿನ ನಾಳಗಳು ಕಟ್ಟಿಕೊಂಡು, ಹೊರಗೆ ಬರಬೇಕಾದ ಬೆವರು ಚರ್ಮದೊಳಗೇ ನಿಂತು ಏಳುವ ಗುಳ್ಳೆ. ಅದಕ್ಕೆ ಬೇಕಾದ್ದು ಗಾಳಿ, ತಣ್ಣೀರು, ಸಡಿಲವಾದ ಹತ್ತಿಯ ಬಟ್ಟೆ. ದಪ್ಪ ಎಣ್ಣೆ ಮೆತ್ತಿದರೆ ನಾಳ ಇನ್ನಷ್ಟು ಕಟ್ಟುತ್ತದೆ. ಊರಿನ ಹಿರಿಯರ ತಂಪುನೀರಿನ ಸ್ನಾನ ಸರಿಯಾಗಿತ್ತು. ನಮ್ಮಜ್ಜಿ ನನಗೆ ಹಚ್ಚುತ್ತಿದ್ದ ಕೊಬ್ಬರಿ ಎಣ್ಣೆ ಸರಿಯಿರಲಿಲ್ಲ. ಪ್ರೀತಿಯೊಂದರಿಂದಲೇ ಗುಳ್ಳೆ ಇಳಿಯುವುದಿಲ್ಲವಲ್ಲ.

ಇದು ಮೈಯ ಭಯ. ಇದರ ಜೊತೆಗೆ ಇನ್ನೊಂದು ಭಯವಿತ್ತು, ಅದು ಮದುವೆಯದು. “ಬಿಸಿಲಾಗ ಹೋಗಬ್ಯಾಡ” ಎಂಬ ಮಾತು ತಮ್ಮನಿಗೆ ಅಷ್ಟಕ್ಕೇ ಮುಗಿಯುತ್ತಿತ್ತು. ನನಗೆ ಅದರ ಬಾಲವೊಂದು ಇರುತ್ತಿತ್ತು: “ಕರ್ರಗ ಆಗ್ತಿ, ಯಾರು ಮಾಡ್ಕೋತಾರ?” ಬಿಸಿಲಿಗೆ ಕಪ್ಪಾಗುವುದು ಎಂದರೆ ಚರ್ಮ ತನ್ನನ್ನು ತಾನು ಕಾಯ್ದುಕೊಳ್ಳುವುದು. ಬಣ್ಣ ಕೊಡುವ ಮೆಲನಿನ್ ಒಳಗಿನ ಪದರಕ್ಕೆ ಕೊಡೆ ಹಿಡಿಯುತ್ತದೆ. ಬಿಸಿಲ ನಾಡಿನ ಜನರ ಮೈಬಣ್ಣಕ್ಕೆ ಅದೇ ಕಾರಣ. ನಮ್ಮ ಮೈ ಹಿಡಿದ ಕೊಡೆಯನ್ನೇ ನಾವು ಕುಂದು ಎಂದು ಎಣಿಸಿದೆವು. ಈ ಎಣಿಕೆ ಹಳೆಯದು, ಅದಕ್ಕೆ ಅಂಗಡಿ ಸಿಕ್ಕಿದ್ದು ಆಮೇಲೆ. 1975ರಲ್ಲಿ ‘ಫೇರ್ ಅಂಡ್ ಲವ್ಲಿ’ ಮಾರುಕಟ್ಟೆಗೆ ಬಂತು. ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಅದು ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ತೂಗುತ್ತಿತ್ತು. 2020ರಲ್ಲಿ ಕಂಪನಿ ಅದರ ಹೆಸರಿನಿಂದ ‘ಫೇರ್’ ಎಂಬ ಪದ ತೆಗೆದು ‘ಗ್ಲೋ ಅಂಡ್ ಲವ್ಲಿ’ ಎಂದಿತು. ಹೆಸರು ಬದಲಾಯಿಸಲು ನಲವತ್ತೈದು ವರ್ಷ ಬೇಕಾಯಿತು. ಮನಸ್ಸಿನ ಲೆಕ್ಕ ಯಾರಿಗೆ ಗೊತ್ತು.

ಮೈಯ ಭಯ, ಮದುವೆಯ ಭಯ ಎರಡನ್ನೂ ನಮ್ಮ ಮನೆಗಳಲ್ಲಿ ಒಂದೇ ವಾಕ್ಯದಲ್ಲಿ ಹೇಳುತ್ತಿದ್ದರು. ಅದಕ್ಕೇ ಹುಡುಗಿಗೆ ಎದುರು ಮಾತಾಡಲು ಆಗುತ್ತಿರಲಿಲ್ಲ. ಅವ್ವ ನನ್ನ ಆರೋಗ್ಯಕ್ಕೆ ಹೇಳುತ್ತಿದ್ದಾಳೋ, ಮದುವೆಯ ಪೇಟೆಗೆ ಹೇಳುತ್ತಿದ್ದಾಳೋ ಹೇಗೆ ತಿಳಿಯಬೇಕು? ನನ್ನ ಪಾಲಿಗೆ ಅದನ್ನು ಬಿಡಿಸಿದ್ದು ಸೈಕಲ್ಲು.

ಸೈಕಲ್ಲಿನ ಕತೆ ಶುರುವಾಗುವುದು ಬಿಸಿಲಿಲ್ಲದ ಒಂದು ಬೇಸಿಗೆಯಿಂದ ಎನ್ನುವವರಿದ್ದಾರೆ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿಯ ಮುಸುಕಿಗೆ 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಹೋಯಿತು, ಕುದುರೆಗೆ ಮೇವಿಲ್ಲದಾಯಿತು. ಮರುವರ್ಷ ಜರ್ಮನಿಯ ಮನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಎರಡು ಗಾಲಿಯ ಮರದ ಬಂಡಿಯೊಂದನ್ನು ಕಾಲಲ್ಲಿ ನೆಲ ತಳ್ಳಿಕೊಂಡು ಓಡಿಸಿ ತೋರಿಸಿದ. ಪೆಡಲು ಇರಲಿಲ್ಲ, ಚೈನೂ ಇರಲಿಲ್ಲ. ಬರಗಾಲಕ್ಕೂ ಈ ಬಂಡಿಗೂ ಎಷ್ಟು ನಂಟಿತ್ತು ಎಂಬುದರ ಮೇಲೆ ಚರಿತ್ರೆಕಾರರಲ್ಲಿ ವಾದವಿದೆ. ನಾವು ಇಂದು ನೋಡುವ ರೂಪ, ಸಮ ಗಾತ್ರದ ಎರಡು ಗಾಲಿ ಮತ್ತು ಹಿಂದಿನ ಗಾಲಿಗೆ ಚೈನು, ಗಟ್ಟಿಯಾದದ್ದು 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ಮಾಡಿದ ‘ರೋವರ್’ನಿಂದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ತಂದ. ಸ್ವಾತಂತ್ರ್ಯ ಬಂದ ಮೇಲೆ ಸೈಕಲ್ಲು ನಮ್ಮಲ್ಲೇ ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿತು. ಮದ್ರಾಸಿನ ಟಿಐ ಕಾರ್ಖಾನೆಯ ಹರ್ಕ್ಯುಲಿಸ್, ಸೋನಿಪತ್ತಿನ ಅಟ್ಲಾಸ್, ಲುಧಿಯಾನದ ಹೀರೋ. ಹಳ್ಳಿಯ ಮಾಸ್ತರ, ಪೋಸ್ಟ್‌ಮನ್, ಹಾಲಿನವನು ಇವರೆಲ್ಲರ ಕಾಲು ಆದವು.

ಮಕ್ಕಳಿಗೆ ಅಂತ ಸೈಕಲ್ಲು ಹಳ್ಳಿಯಲ್ಲಿ ಎಲ್ಲಿಂದ ಬರಬೇಕು? ಇದ್ದದ್ದು ದೊಡ್ಡವರದು, ಇಪ್ಪತ್ತೆರಡು ಇಂಚಿನ ಕಪ್ಪು ಸೈಕಲ್ಲು. ಸೀಟಿನಿಂದ ಹ್ಯಾಂಡಲಿನ ತನಕ ಅಡ್ಡ ದಂಡೆ. ಸೀಟಿನ ಮೇಲೆ ಕೂತರೆ ಕಾಲು ಪೆಡಲಿಗೆ ಮುಟ್ಟುತ್ತಿರಲಿಲ್ಲ. ಅದಕ್ಕೇ ಮಕ್ಕಳು ದಂಡೆಯ ಕೆಳಗಿನ ಮುಕ್ಕೋನದೊಳಗೆ ಬಲಗಾಲು ತೂರಿಸಿ, ಎಡಗೈಯಲ್ಲಿ ಹ್ಯಾಂಡಲು, ಬಲ ಕಂಕುಳಲ್ಲಿ ಸೀಟು ಅವುಚಿ, ಮೈಯೆಲ್ಲ ಒಂದು ಕಡೆ ವಾಲಿಸಿ ಹೊಡೆಯುತ್ತಿದ್ದರು. ಕತ್ತರಿಗಾಲು ಎಂದು ಅದರ ಹೆಸರು. ಯಾವ ಕಾರ್ಖಾನೆಯೂ ಯೋಚಿಸದ ಈ ವಿದ್ಯೆಯನ್ನು ಭಾರತದ ಹಳ್ಳಿಹಳ್ಳಿಯ ಮಕ್ಕಳು ತಾವೇ ಕಂಡುಕೊಂಡಿದ್ದರು.

ಸೈಕಲ್ ಶಾಪಿನಲ್ಲಿ ತಾಸಿನ ಲೆಕ್ಕದಲ್ಲಿ ಬಾಡಿಗೆ. ಎಂಬತ್ತರ ದಶಕದಲ್ಲಿ ನಾನು ಕಲಿಯುವಾಗ ತಾಸಿಗೆ ಎಂಟಾಣೆ. ಹೆಸರು, ಹೊತ್ತು ಎರಡನ್ನೂ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಬೇಸಿಗೆ ರಜೆ ಬಂತೆಂದರೆ ಸಣ್ಣ ಸೈಕಲ್ಲಿಗೆ ಸಾಲು ನಿಲ್ಲುತ್ತಿತ್ತು. ಮಧ್ಯಾಹ್ನ ಎರಡಕ್ಕೆ ಮಾತ್ರ ಯಾರೂ ಇರುತ್ತಿರಲಿಲ್ಲ. ಊರೇ ಮಲಗಿರುತ್ತಿತ್ತು. ಹುಡುಗಿಯೊಬ್ಬಳು ಯಾರ ಕಣ್ಣಿಗೂ ಬೀಳದೆ ಸೈಕಲ್ಲು ಕಲಿಯಬೇಕೆಂದರೆ ಅದೊಂದೇ ಹೊತ್ತು. ನಾನು ಕಲಿತದ್ದು ಆ ಬಿಸಿಲಿನಲ್ಲೇ. ಬಾಡಿಗೆ ತಮ್ಮನ ಹೆಸರಿನಲ್ಲಿ, ಸವಾರಿ ನನ್ನದು. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕತ್ತರಿಗಾಲು ಹಾಕಿ, ಶಾಲೆಯ ಹಿಂದಿನ ಬಯಲಿನಲ್ಲಿ. ತಮ್ಮ ಸೀಟು ಹಿಡಿದು ಓಡುತ್ತಿದ್ದ. ಬಿಸಿಲಿನಿಂದ ಕಾಯುತ್ತೇವೆ ಎಂದು ಒಳಗಿಟ್ಟವರಿಂದಾಗಿಯೇ ನಾನು ಕೆಟ್ಟ ಬಿಸಿಲಿಗೆ ಬಿದ್ದೆ. ನಾಲ್ಕನೇ ದಿನ ತಲೆಸುತ್ತಿ ಬಿದ್ದು ಮೊಣಕಾಲು ಕಿತ್ತುಹೋಯಿತು. ಬೆನ್ನ ತುಂಬ ಬೆವರುಸಾಲೆ. ಅವ್ವನಿಗೆ ಗೊತ್ತಾಯಿತು. ಏಟು ಬೀಳಲಿಲ್ಲ. ಸೈಕಲ್ಲು ನಿಂತಿತು. ಮತ್ತೆ ಮುಟ್ಟಿದ್ದು ಹತ್ತು ವರ್ಷದ ಮೇಲೆ, ನೌಕರಿ ಸಿಕ್ಕ ಮೇಲೆ.

ನಾನು ಸೈಕಲ್ಲು ಬಿಟ್ಟು ಕೂತಿದ್ದ ಆ ವರ್ಷಗಳಲ್ಲೇ ದಕ್ಷಿಣದ ಇನ್ನೊಂದು ಬಿಸಿಲ ಸೀಮೆಯಲ್ಲಿ ಬೇರೆಯದೇ ನಡೆದಿತ್ತು. 1991ರ ಹೊತ್ತಿಗೆ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದವರು ಓದುಬರಹದ ಜೊತೆಗೆ ಸೈಕಲ್ಲನ್ನೂ ಪಾಠವಾಗಿಸಿದರು. ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಬೆನ್ನಿಗೆ ನಿಂತರು. ಕೂಲಿಯವರು, ಕಲ್ಲುಕ್ವಾರಿಯ ಹೆಂಗಸರು, ನರ್ಸುಗಳು, ಶಾಲೆಯ ಹುಡುಗಿಯರು ಸಾವಿರಗಟ್ಟಲೆ ಕಲಿತರು. ಪಿ. ಸಾಯಿನಾಥ್ ಇದನ್ನು ಬರೆದಿದ್ದಾರೆ. ಅವರ ಪುಸ್ತಕ ಜಿ.ಎನ್. ಮೋಹನ್ ಅವರ ಅನುವಾದದಲ್ಲಿ ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂದು ಕನ್ನಡಕ್ಕೂ ಬಂದಿದೆ. ಅದನ್ನು ಓದಿದ ರಾತ್ರಿ ನನ್ನ ಮೊಣಕಾಲಿನ ಹಳೆಯ ಕಲೆಯನ್ನು ಮುಟ್ಟಿ ನೋಡಿಕೊಂಡದ್ದು ನೆನಪಿದೆ. ನಾನು ಕದ್ದು ಕಲಿತದ್ದನ್ನು ಅಲ್ಲಿಯ ಹೆಂಗಸರು ಮೆರವಣಿಗೆ ಮಾಡಿ ಕಲಿತಿದ್ದರು.

ನಮ್ಮಲ್ಲಿ ಆ ಮೆರವಣಿಗೆ ಸರಕಾರದ ಆದೇಶವಾಗಿ ಬಂತು. 2006-07ರಲ್ಲಿ ಕರ್ನಾಟಕ ಸರಕಾರ ಬಡ ಕುಟುಂಬಗಳ ಎಂಟನೇ ತರಗತಿಯ ಹುಡುಗಿಯರಿಗೆ ಉಚಿತ ಸೈಕಲ್ಲು ಕೊಡತೊಡಗಿತು. ಮರುವರ್ಷ ಹುಡುಗರಿಗೂ ವಿಸ್ತರಿಸಿತು. ಎಂಟನೇ ತರಗತಿಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಏಳರ ತನಕ ಶಾಲೆ ಊರಲ್ಲೇ ಇರುತ್ತದೆ, ಹೈಸ್ಕೂಲು ಪಕ್ಕದ ದೊಡ್ಡ ಊರಿನಲ್ಲಿ. ತಾಂಡಾದಿಂದ, ದೊಡ್ಡಿಯಿಂದ ಬರುವ ಹುಡುಗಿ ಶಾಲೆ ಬಿಡುವುದು ಆ ನಾಲ್ಕಾರು ಕಿಲೋಮೀಟರಿನಲ್ಲಿ.

ಆಗ ನಾನು ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆ. ಹುಡುಗಿಯರಿಗೆ ಬಂದ ಸೈಕಲ್ಲಿಗೆ ಅಡ್ಡ ದಂಡೆ ಇರಲಿಲ್ಲ, ಮುಂದೆ ಬುಟ್ಟಿ ಇತ್ತು. ಒಂದು ದಂಡೆ ಇಲ್ಲದಿದ್ದರೆ ಎಷ್ಟು ಬದಲಾಗುತ್ತದೆ ಎಂದು ಅವತ್ತು ನೋಡಿದೆ. ಲಂಗವನ್ನು ಸಿಕ್ಕಿಸಬೇಕಿಲ್ಲ, ಕತ್ತರಿಗಾಲು ಬೇಕಿಲ್ಲ, ಕದಿಯಬೇಕಿಲ್ಲ. ಆದರೆ ಕೊಟ್ಟ ದಿನ ತರಗತಿಯ ಅರ್ಧಕ್ಕರ್ಧ ಹುಡುಗಿಯರಿಗೆ ಹೊಡೆಯಲು ಬರುತ್ತಿರಲಿಲ್ಲ. ತಳ್ಳಿಕೊಂಡೇ ಮನೆಗೆ ಹೋದರು. ಕೆಲವು ಮನೆಗಳಲ್ಲಿ ಅಣ್ಣ, ಅಪ್ಪ ಆ ಸೈಕಲ್ಲನ್ನು ಸಂತೆಗೆ ಒಯ್ದರು, ಮೇವು ಹೇರಿದರು. ಉಳಿದವರು ಭಾನುವಾರಗಳಲ್ಲಿ ಶಾಲೆಯ ಬಯಲಿಗೆ ಬಂದು ಒಬ್ಬರಿಗೊಬ್ಬರು ಸೀಟು ಹಿಡಿದು ಕಲಿತರು. ಒಂದು ಬೇಸಿಗೆ ಕಳೆದು ಜೂನ್ ಬಂದಾಗ ನಾಲ್ಕು ನಾಲ್ಕು ಹುಡುಗಿಯರು ಸಾಲಾಗಿ ರಸ್ತೆಯ ಬದಿ ಹಿಡಿದು ಬರುವುದನ್ನು ಕಂಡೆ. ಆ ರಜೆಯಲ್ಲಿ ಎಲ್ಲರೂ ಕಪ್ಪಾಗಿದ್ದರು. ಯಾರ ಮನೆಯವರೂ ಅದರ ಮಾತೆತ್ತಲಿಲ್ಲ. ಸೈಕಲ್ಲು ಶಾಲೆಗೆಂದು ಬಂದದ್ದಲ್ಲವೇ? ದುಡಿಯುವ ಬಿಸಿಲಿಗಿದ್ದ ರಿಯಾಯಿತಿ ಕಲಿಯುವ ಬಿಸಿಲಿಗೂ ಸಿಕ್ಕಿತ್ತು.

ಇದು ನನ್ನ ಒಬ್ಬಳ ಕಣ್ಣಿನ ಭ್ರಮೆಯಲ್ಲ. ಅದೇ 2006ರಲ್ಲಿ ಬಿಹಾರವೂ ಹೈಸ್ಕೂಲು ಸೇರುವ ಹುಡುಗಿಯರಿಗೆ ಸೈಕಲ್ಲಿನ ಹಣ ಕೊಡಲು ಶುರು ಮಾಡಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದನ್ನು ಅಧ್ಯಯನ ಮಾಡಿದರು. ಹುಡುಗಿಯರ ದಾಖಲಾತಿ ಶೇಕಡಾ 30ಕ್ಕೂ ಹೆಚ್ಚು ಏರಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ ಶೇಕಡಾ 40ರಷ್ಟು ಇಳಿದಿತ್ತು. ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಪರಿಣಾಮ ಹೆಚ್ಚು.

ಕರ್ನಾಟಕದಲ್ಲಿ ಕೊರೊನಾ ಕಾಲದಲ್ಲಿ ನಿಂತ ಸೈಕಲ್ಲು ಹಂಚಿಕೆ ಶಾಲೆ ತೆರೆದ ಮೇಲೂ ಮೊದಲಿನಂತೆ ಶುರುವಾಗಲಿಲ್ಲ. 2023ರಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಉಚಿತ. ಅದು ದೊಡ್ಡ ಮಾತೇ. ಆದರೆ ಬಸ್ಸಿಗೆ ಅದರದೇ ಹೊತ್ತಿದೆ, ಅದರದೇ ದಾರಿ ಇದೆ. ತಾಂಡಾದ ಕಾಲುದಾರಿಗೆ ಅದು ಬರುವುದಿಲ್ಲ. ಬಸ್ಸಿನಲ್ಲಿ ಹುಡುಗಿ ಒಯ್ಯಲ್ಪಡುತ್ತಾಳೆ, ಸೈಕಲ್ಲಿನಲ್ಲಿ ತಾನೇ ಹೋಗುತ್ತಾಳೆ.

ಈ ನಡುವೆ ಬಿಸಿಲೂ ಸುಮ್ಮನೆ ಕೂತಿಲ್ಲ. ಬಿಸಿಗಾಳಿಯ ಎಚ್ಚರಿಕೆ ಈಗ ಪ್ರತಿ ವರ್ಷದ ಮಾತು. 2019ರಲ್ಲಿ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿ ಬಂತು. ಮೈಯ ಭಯ ಇಂದು ಹಿಂದಿಗಿಂತ ನಿಜ. ಅದಕ್ಕೇ ಎರಡು ಭಯಗಳನ್ನು ಬೇರೆ ಮಾಡುವುದು ಇಂದು ಹೆಚ್ಚು ಅಗತ್ಯ. ಮೈಯ ಭಯಕ್ಕೆ ಉತ್ತರಗಳಿವೆ: ನಸುಕು, ನೆರಳು, ನೀರು, ಸಡಿಲ ಬಟ್ಟೆ, ದಾರಿಬದಿಯ ಮರ. ರಸ್ತೆ ಅಗಲವಾಗುವಾಗ ನಮ್ಮ ಕಡೆ ಎಷ್ಟು ಬೇವು, ಎಷ್ಟು ಹುಣಸೆ ಉರುಳಿದವು ಎಂದು ಕಂಡವರಿಗೆ ಅಶೋಕನ ಆಲದ ಮರ ಹಳೆಯ ಕತೆ ಅನಿಸುವುದಿಲ್ಲ. ಮದುವೆಯ ಭಯಕ್ಕೆ ಕ್ರೀಮೂ ಇಲ್ಲ, ನೆರಳೂ ಇಲ್ಲ. ಅದನ್ನು ಸುಮ್ಮನೆ ಬಿಡಬೇಕು.

ತಮ್ಮನ ಮಗಳಿಗೆ ನಾವು ಹಳೆಯ ವೇಳಾಪಟ್ಟಿಯನ್ನೇ ಹಾಕಿಕೊಟ್ಟೆವು. ಬೆಳಿಗ್ಗೆ ಐದೂವರೆಗೆ ಎದ್ದು ಶಾಲೆಯ ಬಯಲು, ಏಳೂವರೆಗೆ ಮನೆ, ತಣ್ಣೀರಿನ ಸ್ನಾನ, ಅವಳ ತಾಯಿಯ ಚೀಟಿಯಂತೆ ಮುಲಾಮು. ಸಂಜೆ ಆರರ ಮೇಲೆ ಇನ್ನೊಂದು ತಾಸು. ಬಾಡಿಗೆ ಸೈಕಲ್ಲಿನ ಅಂಗಡಿ ಎಂದೋ ಮುಚ್ಚಿದೆ. ಅಲ್ಲೀಗ ಮೊಬೈಲ್ ರಿಚಾರ್ಜ್. ಪಕ್ಕದ ಮನೆಯಲ್ಲಿ ಸರಕಾರದ ಸೈಕಲ್ಲೊಂದು ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಪಡೆದಿದ್ದ ಹುಡುಗಿ ಈಗ ಸಿಂಧನೂರಿನಲ್ಲಿ ನರ್ಸು. ಟ್ಯೂಬು ಬದಲಾಯಿಸಿ, ಚೈನಿಗೆ ಎಣ್ಣೆ ಬಿಟ್ಟು, ಸೀಟು ತಳಮಟ್ಟಕ್ಕೆ ಇಳಿಸಿದೆವು. ಆದರೂ ಅವಳಿಗೆ ಸ್ವಲ್ಪ ದೊಡ್ಡದೇ ಆಯಿತು.

ಎರಡನೇ ವಾರ ಅವಳ ಮೊಣಕೈ ಹಿಂದೆ ಗುಳ್ಳೆಗಳು ಎದ್ದವು. ಎರಡು ದಿನ ಬಿಡು ಎಂದೆ. ಅತ್ತಳು. ಮೂರನೇ ದಿನ ನಸುಕಿನಲ್ಲಿ ನಾನೇಳುವ ಮುಂಚೆ ಬಾಗಿಲ ಸದ್ದಾಯಿತು. ನೋಡಿದರೆ ನಮ್ಮವ್ವ. ಹೆಗಲ ಮೇಲೆ ಒದ್ದೆ ಟವೆಲು, ಕೈಯಲ್ಲಿ ನೀರಿನ ಬಾಟಲಿ, ಮೊಮ್ಮಗಳನ್ನು ಮುಂದೆ ಬಿಟ್ಟುಕೊಂಡು ಬಯಲಿನ ಕಡೆ ಹೊರಟಿದ್ದಳು.

“ನೀ ಎಲ್ಲಿಗವ್ವಾ?” ಅಂದೆ.

“ಸೀಟು ಹಿಡಿಯಾಕ ಯಾರಾರ ಬೇಕಲ್ಲ,” ಅಂದಳು. “ಅವತ್ತು ನಾ ಹಿಡೀಲಿಲ್ಲ.”